ಹಿಡಿಕೆಯ ಹಿಂದಿನ ಗೆರೆಗಳು

ನಮ್ಮ ಮನೆಯಲ್ಲಿ ಸಿಟ್ಟು ಮಾಡಿಕೊಂಡು ಕೂಡಲು ಬೇರೆ ಕೋಣೆ ಇರಲಿಲ್ಲ. ಬೆಳಗಾವಿಯ ಆಟೋ ನಗರದಲ್ಲಿ ಅಪ್ಪನ ಶೆಡ್ಡು, ಶೆಡ್ಡಿನ ಹಿಂದಿನ ಗೋಡೆಗೆ ಅಂಟಿಕೊಂಡು ಎರಡು ಕೋಣೆ, ಅವೇ ನಮ್ಮ ಮನೆ. ಮೊದಲನೆಯದರಲ್ಲಿ ದೇವರ ಜಗಲಿ, ಆಯಿಯ ಹೊರಸು, ನನ್ನ ಪುಸ್ತಕಗಳ ತಗಡಿನ ಪೆಟ್ಟಿಗೆ. ಎರಡನೆಯದರಲ್ಲಿ ಒಲೆ, ನೀರಿನ ಕೊಡಗಳು, ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆಗಳು. ಆಯಿ ಎಂದರೆ ಅಪ್ಪನ ತಾಯಿ. ಆಕೆ ಹೊರಸಿನ ಮೇಲೆ ಬಾಗಿಲಿಗೆ ಎದುರಾಗಿ ಕೂತಿರುತ್ತಿದ್ದಳು, ಆಕೆಯ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಯಾರೂ ಮುನಿಸಿಕೊಳ್ಳುವಂತಿರಲಿಲ್ಲ. ಹೀಗಾಗಿ ಅವ್ವನಿಗೆ ಅಪ್ಪನ ಮೇಲೆ ಸಿಟ್ಟು ನೆತ್ತಿಗೇರಿದರೆ ಅವಳು ಹಿಟ್ಟಿನ ಕೈ ತೊಳೆದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಶೆಡ್ಡಿನ ಪಕ್ಕದಲ್ಲಿ ತಗಡಿನ ನೆರಳಿಗೆ ನಿಂತಿರುತ್ತಿದ್ದ ನಮ್ಮ ಕಪ್ಪು ಕಾರಿನ ಹತ್ತಿರ ಹೋಗುತ್ತಿದ್ದಳು. ಮುಂದಿನ ಎಡಬಾಗಿಲನ್ನು ಜಗ್ಗಿ ತೆಗೆದು, ಒಳಗೆ ಕೂತು, ಧಡ್ ಎಂದು ಹಾಕಿಕೊಳ್ಳುತ್ತಿದ್ದಳು. ಹಾಕಿಕೊಳ್ಳುವ ಮೊದಲು ಓಣಿಗೆಲ್ಲ ಕೇಳುವಂತೆ ಒಂದು ಮಾತು.

"ನಾ ಖಾನಾಪುರಕ್ಕ ಹೊಂಟೇನಿ."

ಖಾನಾಪುರ ಅವಳ ತವರು. ಕಾರು ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ಕೀಲಿಯೂ ಅಪ್ಪನ ಕಿಸೆಯಲ್ಲಿರುತ್ತಿತ್ತು. ಗಾಜು ಏರಿಸಿ, ಮುಂದೆ ಕಾಣುವ ವೆಲ್ಡಿಂಗ್ ಅಂಗಡಿಯ ಗೋಡೆಯನ್ನೇ ನೋಡುತ್ತ, ದಾರಿಯಲ್ಲಿ ಹೋಗುತ್ತಿರುವವಳಂತೆ ಗಂಭೀರವಾಗಿ ಕೂತಿರುತ್ತಿದ್ದಳು. ಅರ್ಧ ಗಂಟೆ ಬಿಟ್ಟು ಅಪ್ಪ ತಾನೇ ಚಹಾ ಕಾಸಿಕೊಂಡು, ಬಸಿಯಲ್ಲಿ ಚೆಲ್ಲಿಕೊಳ್ಳುತ್ತ ಹೋಗಿ ಗಾಜು ಬಡಿಯುತ್ತಿದ್ದ.

"ಖಾನಾಪುರ ಬಂತೇನು? ಚಾ ಕುಡದು ಮುಂದ ಹೋಗು."

ಅವ್ವ ಗಾಜು ಇಳಿಸಿ ಚಹಾ ತೆಗೆದುಕೊಂಡು ಮತ್ತೆ ಏರಿಸುತ್ತಿದ್ದಳು. ಕಪ್ಪು ಖಾಲಿಯಾಗಿ ಹೊರಗೆ ಬಂತೆಂದರೆ ಜಗಳ ಮುಗಿಯಿತೆಂದು ಲೆಕ್ಕ. ಇನ್ನೂ ಸಿಟ್ಟಿದ್ದರೆ ಕಪ್ಪು ಒಳಗೇ ಉಳಿಯುತ್ತಿತ್ತು, ಅಪ್ಪ ಇನ್ನೊಂದು ಸಲ ಹೋಗಬೇಕಾಗುತ್ತಿತ್ತು.

ಅಪ್ಪನ ಹೆಸರು ಈರಪ್ಪ. ಆಟೋ ನಗರದಲ್ಲಿ ಎಲ್ಲರೂ ಪಾಲಿಶ್ ಈರಪ್ಪ ಎನ್ನುತ್ತಿದ್ದರು. ಡೆಂಟು ಎತ್ತುವವರು, ಬಣ್ಣ ಹೊಡೆಯುವವರು, ಸೀಟು ಹೊಲಿಯುವವರು ಅಲ್ಲಿ ಹೆಜ್ಜೆಗೊಬ್ಬರಿದ್ದರು. ಎಲ್ಲರ ಕೆಲಸ ಮುಗಿದ ಮೇಲೆ ಗಾಡಿ ಕೊನೆಗೆ ಅಪ್ಪನ ಕೈಗೆ ಬರುತ್ತಿತ್ತು. ಬಿಸಿಲಿಗೆ ಬೆಂದು ಮಂಕಾದ ಬಣ್ಣ, ಒರಟು ಅರಿವೆಯಿಂದ ಒರೆಸಿ ಒರೆಸಿ ಗೀರುಗಳ ಬಲೆಯಾದ ಬಾನೆಟ್ಟು, ಇಂಥವನ್ನೆಲ್ಲ ಅವನು ಕಾಂಪೌಂಡು ಹಚ್ಚಿ ಮಶೀನಿನಿಂದ ತಿಕ್ಕಿ, ನೋಡಿದವರ ಮುಖ ಅದರಲ್ಲಿ ಕಾಣುವ ಹಾಗೆ ಮಾಡಿ ಕೊಡುತ್ತಿದ್ದ. ಮಶೀನು ಎಂದರೆ ಎರಡೂ ಕೈಯಲ್ಲಿ ಹಿಡಿಯಬೇಕಾದ ಭಾರದ ಯಂತ್ರ, ತುದಿಯಲ್ಲಿ ಉಣ್ಣೆಯ ದುಂಡನೆಯ ಬಿಲ್ಲೆ ಗಿರ್ರನೆ ತಿರುಗುತ್ತದೆ. ಕಾಂಪೌಂಡು ಬೆಣ್ಣೆಯಷ್ಟು ಮೆತ್ತಗಿನ ಬಿಳಿ ಲೇಪ, ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರೆ ಮಾತ್ರ ಅದರೊಳಗಿನ ಸಣ್ಣ ಹರಳು ತಿಳಿಯುತ್ತದೆ. ಬಿಲ್ಲೆ ತಿರುಗಿದ ಹಾಗೆಲ್ಲ ಅದು ಸಿಡಿಯುತ್ತಿತ್ತು, ಸಿಡಿದದ್ದು ಒಣಗಿ ಪುಡಿಯಾಗುತ್ತಿತ್ತು, ಪುಡಿ ಗಾಳಿಗೆದ್ದು ನೇರ ನಮ್ಮ ಮನೆಗೆ ಬರುತ್ತಿತ್ತು. ರೊಟ್ಟಿಯ ಬುಟ್ಟಿ, ನೀರಿನ ಕೊಡ, ಆಯಿಯ ಎಲೆಯಡಿಕೆಯ ಚೀಲ, ಎಣ್ಣೆ ಹಚ್ಚಿ ಹೆಣೆದ ನನ್ನ ಜಡೆ, ಅದು ಕೂಡದ ಜಾಗವಿರಲಿಲ್ಲ. ಮುಂಜಾನೆ ಲಿಂಗಪೂಜೆ ಮಾಡಿ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಹೋದ ಅಪ್ಪ ಮಧ್ಯಾಹ್ನ ಊಟಕ್ಕೆ ಬರುವಾಗ ಹುಬ್ಬು, ಮೀಸೆ, ಕಿವಿ, ಮೊಣಕೈ ಎಲ್ಲ ಬೆಳ್ಳಗಿರುತ್ತಿದ್ದ.

"ನಮ್ಮ ಈರಪ್ಪನಂಥಾ ಭಕ್ತ ಯಾರೂ ಇಲ್ಲ ನೋಡವಾ. ಮಂದಿ ಹಣಿಗೆ ಇಬತ್ತಿ ಹಚ್ಚಿಕೊಂತಾರ, ಇಂವ ಮೈತುಂಬ ಹಚ್ಚಿಕೊಂತಾನ," ಎಂದು ಆಯಿ ನಗುತ್ತಿದ್ದಳು.

ಅವ್ವನಿಗೆ ನಗು ಬರುತ್ತಿರಲಿಲ್ಲ. ಅವಳು ನೆಲ ಸಾರಿಸಿ ಹಿಂದೆ ತಿರುಗುವಷ್ಟರಲ್ಲಿ ಬಿಳಿ ಪುಡಿ ಮತ್ತೆ ಕೂತಿರುತ್ತಿತ್ತು. ಮೇಲಾಗಿ ಅವಳದು ಗದ್ದೆಯ ಸೀಮೆ, ಅನ್ನ ಉಂಡು ಬೆಳೆದ ಜೀವ. ಅಪ್ಪನಿಗೂ ಆಯಿಗೂ ಜೋಳದ ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದಂತೆಯೇ ಅನ್ನಿಸುತ್ತಿರಲಿಲ್ಲ. ಅವಳು ರೊಟ್ಟಿ ಬಡಿದು ಎಲ್ಲರಿಗೂ ಹಾಕಿ, ಕಡೆಗೆ ತನಗೊಂದು ಹಿಡಿ ಅನ್ನ ಮಾಡಿಕೊಳ್ಳುತ್ತಿದ್ದಳು. ಪುಡಿ ಸರಿಯಾಗಿ ಆ ಅನ್ನದ ಮೇಲೆಯೇ ಬೀಳುತ್ತಿತ್ತು.

"ಗಾಡಿಗೆ ಹಾಕೂ ಪಾಲಿಶ್ ನನ್ನ ಅನ್ನಕ್ಕೂ ಹಾಕ್ತೀರಲ್ರಿ. ನಿಮ್ಮ ಮಗಳ ಹೊಟ್ಟಿ ಒಳಗಿಂದ ಹೊಳಿಯಾಕತ್ತಿರಬೇಕು."

"ಅದಕ್ಕ ಅನ್ನ ಬ್ಯಾಡ ಅನ್ನೂದು. ರೊಟ್ಟಿ ಆದ್ರ ಝಾಡಿಸಿಕೊಂಡು ತಿನ್ನಬಹುದು."

ಇಷ್ಟು ಸಾಕಾಗುತ್ತಿತ್ತು. ಸಿಟ್ಟು ಬಂದಾಗ ಅವ್ವನ ಕನ್ನಡ ಖಾನಾಪುರದ ಮರಾಠಿಗೆ ಹೊರಳುತ್ತಿತ್ತು. "ಬಸ್ ಝಾಲಂ" ಎಂದಳೆಂದರೆ ಸಾಕಾಯಿತೆಂದು ಅರ್ಥ, ಮುಂದಿನ ಸಪ್ಪಳ ಕಾರಿನ ಬಾಗಿಲಿನದೇ. ನಾನು ಪಾಠ ಓದುತ್ತಿದ್ದವಳು ತಲೆ ಕೂಡ ಎತ್ತುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಜಗಳವಾದರೆ ಮಕ್ಕಳು ಹೆದರಿಕೊಳ್ಳುತ್ತಾರಂತೆ. ನನಗೆ ಹೆದರಿಕೆ ಎಂಬುದೇ ಗೊತ್ತಿರಲಿಲ್ಲ. ಅವ್ವ ಖಾನಾಪುರಕ್ಕೆ ಹೋಗುವುದು ಕಾರಿನವರೆಗೆ, ಅಪ್ಪ ಚಹಾ ತೆಗೆದುಕೊಂಡು ಹೋಗುವವರೆಗೆ, ಅಷ್ಟೇ ಎಂದು ನನಗೆ ಖಾತ್ರಿಯಿತ್ತು.

ಹನ್ನೆರಡು ತುಂಬಿದ ಮೇಲೆ ಅಪ್ಪ ನನಗೆ ಮಶೀನು ಹಿಡಿಯಲು ಕಲಿಸತೊಡಗಿದ. ಹೆಣ್ಣುಮಗಳ ಕೈಗೆ ಅದನ್ನು ಕೊಡಬೇಡಿ, ಜಡೆ ಸಿಕ್ಕಿಕೊಂಡೀತು ಎಂದು ಅವ್ವ ಎರಡು ಸಲ ಖಾನಾಪುರಕ್ಕೆ ಹೋಗಿ ಬಂದಳು. ಮೂರನೆಯ ಸಲ ತಾನೇ ನನ್ನ ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿ, ಮೇಲೆ ಅಪ್ಪನ ಹಳೆಯ ಟವೆಲ್ಲು ಸುತ್ತಿ, ಹೋಗು ಎಂದಳು. ಅಪಘಾತದ ಗಾಡಿಯಿಂದ ಕಿತ್ತ ಒಂದು ಬಾನೆಟ್ಟನ್ನು ಅಪ್ಪ ಎರಡು ಡಬ್ಬಿಗಳ ಮೇಲೆ ಇಟ್ಟಿದ್ದ. ವೈರು ಹೆಗಲ ಮೇಲಿರಬೇಕು, ಇಲ್ಲದಿದ್ದರೆ ಅದೇ ಬಣ್ಣಕ್ಕೆ ತಾಗಿ ಗೀರು ಎಳೆಯುತ್ತದೆ. ಕಾಂಪೌಂಡನ್ನು ನಾಲ್ಕು ಬೊಟ್ಟು ಇಟ್ಟು, ಮಶೀನು ಚಾಲೂ ಮಾಡುವ ಮೊದಲೇ ಬಿಲ್ಲೆಯಿಂದ ಸವರಿ ಹರಡಬೇಕು. ಬಿಲ್ಲೆ ಸಪಾಟಾಗಿ ಕೂತಿರಬೇಕು, ಒಂದೇ ಕಡೆ ನಿಲ್ಲಬಾರದು, ಒಣಗಿತು ಅನ್ನಿಸಿದರೆ ನೀರು ಚಿಮುಕಿಸಬೇಕು. ಅಂಚುಗಳಿಗೆ ಮೊದಲೇ ಕಾಗದದ ಟೇಪು ಅಂಟಿಸಬೇಕು, ಏಕೆಂದರೆ ಬಣ್ಣ ಹೊಡೆದಾಗ ಅದು ಅಂಚಿನಿಂದ ಜಾರಿ ಅಲ್ಲಿ ತೆಳ್ಳಗಾಗಿರುತ್ತದೆ. ನಾನು ಟೇಪು ಅಂಟಿಸುವುದನ್ನು ಮರೆತೆ. ಒಂದು ಸುಟ್ಟ ವಾಸನೆ ಬಂತು, ನೋಡಿದರೆ ಅಂಚಿನ ಉದ್ದಕ್ಕೂ ಬಣ್ಣ ಹೋಗಿ ಕೆಳಗಿನ ಬೂದಿಬಣ್ಣದ ಅಸ್ತರು ಕಾಣುತ್ತಿತ್ತು. ಅಪ್ಪ ಬಯ್ಯಲಿಲ್ಲ. ನನ್ನ ಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟ. ಮಗಳಾದ ನನ್ನನ್ನು ಅವನು ಮುದ್ದಿಗೆ ತಂಗಿ ಎನ್ನುತ್ತಿದ್ದ.

"ಹೊಳಪು ನಾವು ಹಚ್ಚೂದಲ್ಲ ತಂಗಿ. ನಾವು ಬಣ್ಣಾ ಸವಸ್ತೇವಿ. ಗೀರು ಹೋತು ಅಂದ್ರ ಅದು ತುಂಬಿ ಬಂತು ಅಂತ ತಿಳೀಬ್ಯಾಡ. ಅದು ಎಷ್ಟು ಆಳ ಐತ್ಯೋ ಅಷ್ಟೂ ಸುತ್ತಲಿನ ಬಣ್ಣಾ ಇಳಿಸಿರತೇವಿ. ಇಳಿಸಿದ್ದು ತಿರುಗಿ ಬರೂದಿಲ್ಲ. ಕೈ ಹಚ್ಚೂಕಿಂತ ಪೈಲೇ ವಿಚಾರ ಮಾಡಬೇಕು."

ಈ ಮಾತನ್ನು ನಾನು ಇಂದಿಗೂ ದಿನಕ್ಕೊಮ್ಮೆ ಯಾರಿಗಾದರೂ ಹೇಳುತ್ತೇನೆ. ಈಗ ನನ್ನದೇ ಅಂಗಡಿ ಇದೆ, ಮಶೀನುಗಳು ಹಗುರಾಗಿವೆ, ಉಣ್ಣೆಯ ಜೊತೆ ಸ್ಪಂಜಿನ ಬಿಲ್ಲೆಗಳೂ ಬಂದಿವೆ, ಬಣ್ಣ ಎಷ್ಟು ದಪ್ಪ ಉಳಿದಿದೆ ಎಂದು ಅಳೆಯುವ ಸಾಧನ ಕಿಸೆಯಲ್ಲಿರುತ್ತದೆ. ಆದರೆ ಆಗ ಆ ಮಾತು ನನ್ನ ಕಿವಿಗೆ ಬಿತ್ತೇ ಹೊರತು ಎದೆಗೆ ಇಳಿಯಲಿಲ್ಲ. ನನ್ನ ಚಿಂತೆ ಬೇರೆ ಇತ್ತು. ಅಪ್ಪ ಯಾರನ್ನೂ ಹೊಗಳುತ್ತಿರಲಿಲ್ಲ. ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಕೈದೀಪ ಹಿಡಿದು, ಓರೆಗಣ್ಣಲ್ಲಿ ಬಣ್ಣ ನೋಡಿ, "ಹೂಂ" ಎನ್ನುತ್ತಿದ್ದ. ಅವನ ಬಾಯಿಂದ ಒಮ್ಮೆಯಾದರೂ ಚಲೋ ಅನ್ನಿಸಿಕೊಳ್ಳಬೇಕು ಎಂಬ ಹಟ ನನಗೆ ಹುಚ್ಚಿನ ಹಾಗೆ ಹಿಡಿದಿತ್ತು.

ನಮ್ಮ ಮನೆಯ ದೊಡ್ಡ ಹಬ್ಬ ಖಂಡೇನವಮಿ. ದಸರೆಯ ಹಿಂದಿನ ದಿನ ಯಂತ್ರಕ್ಕೂ ಗಾಡಿಗೂ ಪೂಜೆ. ಅದಕ್ಕೆ ಮುಂಚಿನ ವಾರವೆಲ್ಲ ಊರವರ ಗಾಡಿಗಳು ಸಾಲುಗಟ್ಟಿ ಬರುತ್ತಿದ್ದವು. ಎಲ್ಲ ಮುಗಿಸಿ, ಪೂಜೆಯ ಮುನ್ನಾದಿನ ಮಧ್ಯಾಹ್ನ ಅಪ್ಪ ನಮ್ಮ ಕಾರಿಗೆ ಕೈ ಹಚ್ಚುತ್ತಿದ್ದ. ವರ್ಷಕ್ಕೆ ಅದೊಂದೇ ಸಲ ಅದಕ್ಕೆ ಪಾಲಿಶ್. ಕಪ್ಪು ಬಣ್ಣದಲ್ಲಿ ಏನೂ ಮುಚ್ಚಿಡಲಾಗುವುದಿಲ್ಲ, ಬೆಕ್ಕು ಜಾರಿದ್ದೂ ಕಾಣುತ್ತದೆ. ಎಲ್ಲಕ್ಕಿಂತ ಕೊನೆಗೆ ಅಪ್ಪ ಮುಂದಿನ ಎಡಬಾಗಿಲಿನ ಮುಂದೆ ಮೊಣಕಾಲೂರಿ ಕೂತು ಕೈದೀಪ ಹಚ್ಚುತ್ತಿದ್ದ. ಕಾರಿನ ಬಾಗಿಲ ಹಿಡಿಕೆಯ ಹಿಂದೆ ಬೆರಳು ತೂರಿಸಲು ಬಟ್ಟಲಿನಂಥ ಒಂದು ತಗ್ಗು ಇರುತ್ತದಲ್ಲ, ಎಂಥ ಗಾಡಿಯಲ್ಲೂ ಮೊದಲು ಗೀರು ಬೀಳುವುದು ಅಲ್ಲಿಯೇ. ತೆಗೆಯುವವರ ಉಗುರು, ಉಂಗುರ ಅಲ್ಲಿ ತಾಗುತ್ತವೆ. ನಮ್ಮ ಕಾರಿನ ಆ ತಗ್ಗು ಅವ್ವನ ವರ್ಷದ ಸಿಟ್ಟನ್ನೆಲ್ಲ ಬರೆದಿಟ್ಟುಕೊಂಡಿರುತ್ತಿತ್ತು. ಅಪ್ಪ ಅವಳನ್ನು ಕೂಗುತ್ತಿದ್ದ.

"ಬಾ ಇಲ್ಲೆ. ಈ ವರ್ಷ ಎಷ್ಟು ಸಲ ತವರಮನಿಗೆ ಹೋಗಿ ಬಂದೀದಿ, ಎಣಿಸೂಣು."

"ಎಣಸ್ರಿ. ಪ್ರತಿಯೊಂದೂ ನಿಮ್ಮ ಸಲವಾಗೇ ಹೋಗಿದ್ದು, ಅದನ್ನೂ ಎಣಸ್ರಿ."

"ಈ ಆಳದ್ದು ನೋಡು, ಉಂಗುರದ್ದು. ಇದು ಯುಗಾದಿ ಜಗಳ."

"ಯುಗಾದಿದಲ್ಲ ಅದು. ನಿಮ್ಮಕ್ಕನ ಮಗಳ ಲಗ್ನದ್ದು. ನನ್ನ ಸೀರಿ ಮ್ಯಾಲೆ ಕಾಂಪೌಂಡ್ ಡಬ್ಬಿ ಇಟ್ಟಿದ್ರಿ, ಮರತ್ರೇನು?"

ಹೀಗೆ ಒಂದೊಂದನ್ನೇ ನೆನೆಸಿ ಇಬ್ಬರೂ ನಗುತ್ತಿದ್ದರು. ಆ ತಗ್ಗಿನೊಳಗೆ ಮಶೀನು ಹೋಗುವುದಿಲ್ಲ. ಅಪ್ಪ ತೋರುಬೆರಳಿಗೆ ಮೆತ್ತನೆಯ ಅರಿವೆ ಸುತ್ತಿ, ಬೊಟ್ಟು ಕಾಂಪೌಂಡು ತೆಗೆದುಕೊಂಡು, ಕೈಯಿಂದಲೇ ತಿಕ್ಕಿ ಅವನ್ನೆಲ್ಲ ಅಳಿಸುತ್ತಿದ್ದ. ಒರೆಸಿ ಮುಗಿದ ಮೇಲೆ ಅವ್ವ ಬಗ್ಗಿ ಅದರಲ್ಲಿ ಮುಖ ನೋಡಿಕೊಂಡು, "ಆತು, ಇನ್ನ ಹೊಸಾದು ಸುರು ಮಾಡೂಣು" ಎನ್ನುತ್ತಿದ್ದಳು. ಮರುದಿನ ಮಶೀನಿಗೆ ಚೆಂಡುಹೂವಿನ ಸರ, ಗಾಡಿಗೆ ವಿಭೂತಿ, ಮನೆಯಲ್ಲಿ ಹೋಳಿಗೆ. ಆ ಗೆರೆಗಳನ್ನು ಅಳಿಸುವುದೆಂದರೆ ನನ್ನ ಪಾಲಿಗೆ ಮನೆಯಲ್ಲಿ ಎಲ್ಲವೂ ಸರಿಯಾಯಿತು ಎಂದು ಅರ್ಥ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ.

ನನಗೆ ಹದಿನಾಲ್ಕು ನಡೆಯುತ್ತಿದ್ದ ವರ್ಷದ ಶ್ರಾವಣದಲ್ಲಿ ಅವ್ವನಿಗೆ ಜ್ವರ ಬಂತು. ನಾಲ್ಕು ದಿನ ಕಷಾಯ ಕುಡಿದು ರೊಟ್ಟಿ ಬಡಿದಳು. ಐದನೆಯ ದಿನ ಆಯಿ ಅವಳ ಕಣ್ಣು ಬಿಡಿಸಿ ನೋಡಿ, ಹಳದಿಯಾಗಿವೆ, ಕಾಮಣಿ ಇದು ಎಂದು ಅಪ್ಪನನ್ನು ಕೂಗಿದಳು. ಅವ್ವ ಸ್ವೆಟರ್ ಹಾಕಿಕೊಂಡು, ಗೋಡೆ ಹಿಡಿದು ಹೊರಗೆ ಬಂದಳು. ಮಳೆ ಹಿಡಿದಿತ್ತು. ಅಪ್ಪ ಬಾಗಿಲು ತೆಗೆಯಲು ಮುಂದೆ ಓಡಿದ.

"ಸರೀರಿ. ಬಾಗಲಾ ತಗಿಯಾಕ ಬರೂದಿಲ್ಲೇನು ನನಗ?"

ಹಿಡಿಕೆಯಲ್ಲಿ ಬೆರಳು ತೂರಿಸಿ ಜಗ್ಗಿದಳು. ಒದ್ದೆ ಬೆರಳು ಜಾರಿತು. ಇನ್ನೊಮ್ಮೆ ಜಗ್ಗಿದಳು, ಉಗುರು ಕಿರ್ರೆಂದು ಜಾರಿದ್ದು ನನಗೂ ಕೇಳಿಸಿತು. ಮೂರನೆಯ ಸಲಕ್ಕೆ ಬಾಗಿಲು ಬಂತು. ಕೂತು, ಏದುಸಿರು ಬಿಡುತ್ತ ನನ್ನನ್ನು ನೋಡಿ ನಕ್ಕಳು.

"ಇವತ್ತ ಖಾನಾಪುರಕ್ಕಲ್ಲವಾ. ದವಾಖಾನಿಗೆ. ಆಯೀಗೆ ಗಂಜಿ ಕಾಸಿ ಕೊಡು."

ಒಂಬತ್ತನೆಯ ದಿನ ಅವ್ವ ತೀರಿಕೊಂಡಳು. ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು, ಕೂತ ಭಂಗಿಯಲ್ಲಿಯೇ ಅವಳನ್ನು ಮಣ್ಣಿಗೆ ಇಳಿಸಿದರು. ಗಂಭೀರವಾಗಿ ಮುಂದೆ ನೋಡುತ್ತ ಕೂತಿದ್ದಳು. ಅವಳು ಹಾಗೆ ಕೂಡುವುದನ್ನು ನಾನು ಎಷ್ಟು ಸಲ ನೋಡಿದ್ದೆ. ಅಪ್ಪ ಹೋಗಿ ಗಾಜು ಬಡಿಯುತ್ತಾನೆ ಎಂದು ನನ್ನ ಮನಸ್ಸು ಆಗಲೂ ಕಾಯುತ್ತಿತ್ತು. ಜನ ಮಣ್ಣು ಹಾಕತೊಡಗಿದಾಗ ನಾನು ಕೂಗಿದ್ದು ಏನೆಂದು ನನಗೆ ನೆನಪಿಲ್ಲ, ಆಯಿ ನನ್ನ ಬಾಯಿಯನ್ನು ತನ್ನ ಎದೆಗೆ ಒತ್ತಿಕೊಂಡದ್ದು ನೆನಪಿದೆ.

ಆಮೇಲೆ ಅಪ್ಪ ಮಶೀನು ಮುಟ್ಟಲಿಲ್ಲ. ಮುಂಜಾನೆ ಪೂಜೆ ಮಾಡುತ್ತಿದ್ದ, ಶೆಡ್ಡಿನ ಶಟರ್ ಎತ್ತುತ್ತಿದ್ದ, ಒಂದು ಖಾಲಿ ಡಬ್ಬಿ ಬೋರಲು ಹಾಕಿ ಕಾರಿನ ಎಡಕ್ಕೆ ಕೂತುಬಿಡುತ್ತಿದ್ದ. ಗಿರಾಕಿಗಳು ಬಂದರೆ ಮುಂದಿನ ವಾರ ನೋಡೋಣ ಎನ್ನುತ್ತಿದ್ದ. ಕೆಲವರು ಎರಡು ಮೂರು ಸಲ ಬಂದು, ಆಮೇಲೆ ಬರುವುದನ್ನು ಬಿಟ್ಟರು. ಮನೆಯೊಳಗೆ ಪುಡಿ ಬರುವುದು ನಿಂತುಹೋಯಿತು. ಕೊಡದ ನೀರು ತಿಳಿಯಾಗಿತ್ತು, ಬುಟ್ಟಿಯ ರೊಟ್ಟಿ ಚೊಕ್ಕಟವಾಗಿತ್ತು, ನಾನು ಸಾರಿಸಿದ ನೆಲ ಸಂಜೆಯವರೆಗೂ ಹಾಗೇ ಇರುತ್ತಿತ್ತು. ಹದಿನೈದು ವರ್ಷ ಅವ್ವ ಬೇಡಿದ್ದು ಇದನ್ನೇ.

ಕಾರನ್ನೂ ಅಪ್ಪ ಅಪರೂಪಕ್ಕೆ ಹೊರಗೆ ತೆಗೆಯುತ್ತಿದ್ದ. ಆಯಿಯನ್ನು ಡಾಕ್ಟರ ಕಡೆಗೆ ಕರೆದೊಯ್ಯಲು, ಅವ್ವನ ತಂಗಿ ಸುಮನ ಮಾವಶಿ ಖಾನಾಪುರದಿಂದ ಬಂದರೆ ಅವಳನ್ನು ಬಸ್ಸಿಗೆ ಬಿಡಲು. ಎಲ್ಲರೂ ಹಿಂದೆ ಕೂಡಬೇಕಿತ್ತು. ಒಮ್ಮೆ ಶಾಲೆಗೆ ಹೊತ್ತಾಯಿತೆಂದು ನಾನು ಮುಂದಿನ ಎಡಬಾಗಿಲಿಗೆ ಕೈ ಹಾಕಲು ಹೋದೆ.

"ಆ ಬಾಗಲಾ ಮುಟ್ಟಬ್ಯಾಡ."

ಅಷ್ಟು ಜೋರಾಗಿ ಅಪ್ಪ ನನ್ನ ಮೇಲೆ ಎಂದೂ ಹರಿಹಾಯ್ದಿರಲಿಲ್ಲ. ನನ್ನ ಮುಖ ನೋಡಿ ತಾನೇ ಮೆತ್ತಗಾದ.

"ಅದರ ಲಾಕ್ ಕೆಟ್ಟೈತಿ. ಹಿಂದ ಕುಂದ್ರು."

ನಾನು ನಂಬಿದೆ. ಅಪ್ಪ ಸುಳ್ಳು ಹೇಳುವುದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ, ಹೇಗೆ ಗುರುತಿಸಲಿ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅವ್ವ ಹೋದಳು. ಅಪ್ಪನೂ ಆ ಡಬ್ಬಿಯ ಮೇಲೆ ಕೂತಲ್ಲೇ ಹೋಗುತ್ತಿದ್ದಾನೆ. ಅವನನ್ನು ಹೇಗಾದರೂ ಮಾಡಿ ಎಬ್ಬಿಸಬೇಕು. ಪ್ರತಿದಿನ ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲಿ ನಿಂತು ಮಶೀನಿನ ಗುಂಯ್‌ಗುಡುವ ಸಪ್ಪಳಕ್ಕಾಗಿ ಕಿವಿಗೊಡುತ್ತಿದ್ದೆ. ದಿನವೂ ಇಲ್ಲ.

ಖಂಡೇನವಮಿ ಬಂತು. ಆ ವರ್ಷ ಹಬ್ಬ ಬೇಡ ಎಂದ ಅಪ್ಪ. ಆಯಿ ಕೇಳಲಿಲ್ಲ.

"ನಮ್ಮಾಗ ಸೂತಕಾ ಇಲ್ಲೋ ಯಪ್ಪಾ. ಹೋಳಿಗಿ ಬ್ಯಾಡಂದ್ರ ಬ್ಯಾಡ. ಅನ್ನಾ ಕೊಟ್ಟ ಮಶೀನ್ ಅದು, ಎರಡು ತಿಂಗಳಾತು ಮೂಲಿ ಹಿಡದು. ಅದಕ್ಕೊಂದು ಹೂವರೆ ಏರಸು. ಆಕಿ ಇದ್ದಿದ್ರ ಬಿಡ್ತಿದ್ಲೇನು?"

ಕೊನೆಯ ಮಾತಿಗೆ ಅಪ್ಪ ಎದ್ದ. ಚೀಲ ತೆಗೆದುಕೊಂಡು ಹೂ ತರಲು ಪೇಟೆಗೆ ಹೋದ. ಅದು ಪೂಜೆಯ ಮುನ್ನಾದಿನದ ಮಧ್ಯಾಹ್ನ, ಪ್ರತಿವರ್ಷ ನಮ್ಮ ಕಾರಿಗೆ ಪಾಲಿಶ್ ಹಿಡಿಯುವ ಹೊತ್ತು. ಕಾರು ಧೂಳು ಮೆತ್ತಿಕೊಂಡು ನಿಂತಿತ್ತು. ಅಪ್ಪನಿಗೆ ಅದನ್ನು ಮಾಡುವ ಶಕ್ತಿ ಇಲ್ಲ, ನಾನು ಮಾಡಿದರೆ ಅವನು ನೋಡುತ್ತಾನೆ, ನೋಡಿದರೆ ಅವನ ಕೈಯೂ ಕೆಲಸಕ್ಕೆ ತುಡಿಯುತ್ತದೆ, ಹೀಗೆಲ್ಲ ಎಣಿಸಿ ನಾನು ಕೂದಲು ಗಂಟು ಕಟ್ಟಿದೆ. ಗಂಟು ಅವ್ವ ಕಟ್ಟಿದಷ್ಟು ಬಿಗಿಯಾಗಲಿಲ್ಲ. ಕಾರು ತೊಳೆದು ಒರೆಸಿದೆ. ಈ ಸಲ ಟೇಪು ಮರೆಯಲಿಲ್ಲ, ಎಲ್ಲ ಅಂಚಿಗೂ ಅಂಟಿಸಿದೆ. ವೈರು ಹೆಗಲಿಗೆ ಹಾಕಿಕೊಂಡು, ಕಾಂಪೌಂಡು ಹರಡಿ, ಮಶೀನನ್ನು ನಿಧಾನದ ವೇಗದಲ್ಲಿಟ್ಟು ಬಾನೆಟ್ಟಿನಿಂದ ಸುರು ಮಾಡಿದೆ. ಎರಡು ತಿಂಗಳ ಮೇಲೆ ಆ ಸಪ್ಪಳ ಕೇಳಿ ಆಯಿ ಬಾಗಿಲಿಗೆ ಬಂದಳು, ನನ್ನನ್ನು ಕಂಡು ಒಳಗೆ ಹೋದಳು. ಒರೆಸಿದಂತೆಲ್ಲ ಕಪ್ಪು ಬಣ್ಣ ಮೇಲೆದ್ದು ಬಂತು. ಟಾಪು ನನ್ನ ಕೈಗೆ ಎಟುಕಲಿಲ್ಲ, ಅದನ್ನು ಬಿಟ್ಟೆ. ಬಾಗಿಲುಗಳನ್ನೆಲ್ಲ ಮುಗಿಸಿ ಕೊನೆಗೆ, ಅಪ್ಪ ಮಾಡುತ್ತಿದ್ದ ಹಾಗೆಯೇ, ಮುಂದಿನ ಎಡಬಾಗಿಲಿನ ಮುಂದೆ ಮೊಣಕಾಲೂರಿ ಕೈದೀಪ ಹಚ್ಚಿದೆ.

ಗೆರೆಗಳು ಇದ್ದವು. ಹಳೆಯವು ಮಂಕಾಗಿ, ನಾಲ್ಕು ನಾಲ್ಕರ ಗುಂಪಾಗಿ ಕೆಳಗೆ ಇಳಿದಿದ್ದವು. ಅವುಗಳ ಮೇಲೆ ಅಡ್ಡವಾಗಿ ಹೊಸವು, ಮೂರು ಸಲ ಎಳೆದವು, ಎರಡು ಜಾರಿ ಹೋದವು, ಒಂದು ಗಟ್ಟಿಯಾಗಿ ಹಿಡಿದದ್ದು. ಉಂಗುರದ ಗುರುತು ಚೂಪಾಗಿ ಆಳಕ್ಕೆ ಇಳಿದಿತ್ತು. ಅವು ಯಾರವು ಎಂದು ನನಗೆ ಗೊತ್ತಿತ್ತು. ಯಾವ ದಿನದವು ಎಂದೂ ಗೊತ್ತಿತ್ತು. ಗೊತ್ತಿದ್ದೇ ಅಳಿಸಿದೆ. ಖಂಡೇನವಮಿಯ ಮುನ್ನಾದಿನ ಅವು ಅಳಿಯಬೇಕು, ಅಳಿದರೆ ಎಲ್ಲ ಸರಿಯಾಗುತ್ತದೆ, ಪೂಜೆಯಾಗುತ್ತದೆ, ಅಪ್ಪ ಏಳುತ್ತಾನೆ. ಹದಿನಾಲ್ಕು ವರ್ಷದ ತಲೆಗೆ ಇದಕ್ಕಿಂತ ಹೆಚ್ಚಿನದು ಹೊಳೆಯಲಿಲ್ಲ. ಬೆರಳಿಗೆ ಅರಿವೆ ಸುತ್ತಿ ತಿಕ್ಕಿದೆ. ಉಗುರಿನವು ಬೇಗ ಹೋದವು. ಉಂಗುರದ್ದು ಜಗ್ಗಲಿಲ್ಲ. ಅದಕ್ಕೆ ತೀರ ನಯವಾದ ಉಜ್ಜುವ ಕಾಗದವನ್ನು ನೀರಲ್ಲಿ ನೆನೆಸಿ, ಉಸಿರು ಬಿಗಿಹಿಡಿದು ನಾಲ್ಕು ಸಲ ಎಳೆದೆ, ಮೇಲೆ ಒರಟು ಕಾಂಪೌಂಡು, ಅದರ ಮೇಲೆ ನಯವಾದದ್ದು. ಬೆರಳಿನ ತುದಿ ಮರಗಟ್ಟಿತು. ಬಣ್ಣ ಸುಡದ ಹಾಗೆ, ಅಸ್ತರು ಕಾಣದ ಹಾಗೆ, ನನ್ನ ಜೀವಮಾನದ ಅತ್ಯಂತ ಒಳ್ಳೆಯ ಕೆಲಸವನ್ನು ನಾನು ಆ ದಿನ ಮಾಡಿದೆ. ಒರೆಸುವಾಗ ಹಿಡಿಕೆ ಎಳೆದಂತಾಗಿ ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಅಪ್ಪ ಯಾವಾಗಲೋ ಲಾಕ್ ರಿಪೇರಿ ಮಾಡಿರಬೇಕು ಎಂದುಕೊಂಡು ಮತ್ತೆ ಹಾಕಿದೆ.

ಅಪ್ಪ ಚೆಂಡುಹೂವಿನ ಚೀಲ, ಎರಡು ಕಬ್ಬು ಹಿಡಿದುಕೊಂಡು ಬಂದ. ದೂರದಿಂದಲೇ ಕಾರು ನೋಡಿ ನಿಂತ. ಅವನ ಮುಖದಲ್ಲಿ ಕಳೆ ಬಂದದ್ದನ್ನು ನಾನು ನನ್ನ ಕಣ್ಣಾರೆ ಕಂಡೆ, ಅದು ಸುಳ್ಳಲ್ಲ. ಕಬ್ಬನ್ನು ಗೋಡೆಗೆ ಆನಿಸಿ ಬಾನೆಟ್ಟಿನ ಮೇಲೆ ಬಗ್ಗಿ ಓರೆಯಾಗಿ ನೋಡಿದ. ಅಂಚುಗಳ ಮೇಲೆ ಹೆಬ್ಬೆರಳು ಓಡಿಸಿದ. ಹಾಗೆ ನೋಡುತ್ತ ಸುತ್ತಿ ಬಂದವನು ಎಡಬಾಗಿಲಿಗೆ ಬಂದು ನಿಂತುಬಿಟ್ಟ. ಹೂವಿನ ಚೀಲವನ್ನು ನೆಲಕ್ಕಿಟ್ಟು ಕೈದೀಪ ಎತ್ತಿಕೊಂಡ. ಹಿಡಿಕೆಯ ಹಿಂದೆ ಬೆಳಕು ಬಿಟ್ಟ. ಬೆಳಕನ್ನು ಆ ಕಡೆಯಿಂದ ಬಿಟ್ಟು ನೋಡಿದ, ಈ ಕಡೆಯಿಂದ ಬಿಟ್ಟು ನೋಡಿದ. ಆಮೇಲೆ ದೀಪ ಆರಿಸಿ, ತನ್ನ ನಾಲ್ಕು ಬೆರಳನ್ನು ಮೆಲ್ಲಗೆ ಅದರೊಳಗೆ ಇಟ್ಟು, ಬಾಗಿಲು ಎಳೆಯದೆ ಹಾಗೇ ಹಿಡಿದುಕೊಂಡು ನಿಂತ. ನಾನು ಕೈ ಒರೆಸಿಕೊಳ್ಳುತ್ತ, "ಹೂಂ" ಎನ್ನುವುದನ್ನು ಕಾಯುತ್ತಿದ್ದೆ.

"ಚಲೋ ಮಾಡೀದಿ ತಂಗಿ," ಎಂದ ಅಪ್ಪ. "ಒಂದೂ ಗೆರಿ ಉಳಿಸಿಲ್ಲ."

ನಾನು ಒಳಗೆ ಓಡಿ ಹೋಗಿ ಆಯಿಗೆ ಹೇಳಿದೆ. ಅಪ್ಪ ಚಲೋ ಅಂದ, ಆಯಿ, ಬಾಯಿ ಬಿಟ್ಟು ಚಲೋ ಅಂದ. ಆಯಿ ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಮುಂದಿನ ಬಾಗಲಾನೂ ಮಾಡಿದೇನು?"

"ಅದಕ್ಕ ಬಾಳ ಹೊತ್ತು ಹಿಡೀತು ಆಯಿ. ಅಲ್ಲೇ ಬಾಳ ಗೀರಿದ್ದು."

ಆಯಿ ನನ್ನನ್ನು ಹತ್ತಿರ ಎಳೆದುಕೊಂಡು, ಗಂಟು ಬಿಚ್ಚಿ, ಕೂದಲಲ್ಲಿ ಕೂತಿದ್ದ ಪುಡಿಯನ್ನು ಕೊಡವತೊಡಗಿದಳು. ಅವಳೂ ಮೆಚ್ಚಿಕೊಂಡಳು ಎಂದುಕೊಂಡೆ. ಆ ರಾತ್ರಿ ಅವ್ವ ಹೋದ ಮೇಲೆ ಮೊದಲ ಬಾರಿ ನನಗೆ ಕಣ್ತುಂಬ ನಿದ್ದೆ ಬಂತು.

ಪೂಜೆ ಅಪ್ಪನೇ ಮಾಡಿದ. ಮರುದಿನ ದಸರೆ. ಬನ್ನಿ ಕೊಡಲು ಖಾನಾಪುರಕ್ಕೆ ಹೋಗೋಣ ಎಂದು ತಾನಾಗಿ ಹೇಳಿದಾಗ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ನನ್ನ ಪಾಲಿಶ್ ಫಲ ಕೊಟ್ಟಿತು ಎಂದು ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಹಾಡಿಕೊಳ್ಳುತ್ತ ಹೋದೆ. ಸುಮನ ಮಾವಶಿಯ ಮನೆಯಲ್ಲಿ ಬನ್ನಿ ಎಲೆ ಕೈಗಿಟ್ಟು, ಬಂಗಾರದ ಹಾಗೆ ಇರೋಣ ಎಂದು ಎಲ್ಲರೂ ಹೇಳಿದರು. ಮಾವಶಿ ಅನ್ನ ಸಾರು ಬಡಿಸಿ, ಭಾವಜಿಗೆ ರೊಟ್ಟಿ ಮಾಡಲಿಲ್ಲವಲ್ಲ ಎಂದು ಪೇಚಾಡಿದಳು. ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಊಟವಾದ ಮೇಲೆ ನಂದಗಡದಲ್ಲಿರುವ ಅವ್ವನ ಸೋದರಮಾವನಿಗೂ ಬನ್ನಿ ಕೊಟ್ಟು ಬರೋಣವೆಂದು ಮಾವಶಿ ನಮ್ಮ ಜೊತೆ ಹೊರಟಳು. ನಾನು ಆಗಲೇ ಹಿಂದೆ ಕೂತು ಗಾಜು ಇಳಿಸಿದ್ದೆ. ಅವಳು ಬಂದವಳು ರೂಢಿಯಂತೆ ಹಿಂದಿನ ಬಾಗಿಲಿಗೆ ಕೈ ಚಾಚಿದಳು. ಆಚೆ ಕಡೆ ನಿಂತಿದ್ದ ಅಪ್ಪ ಟಾಪಿನ ಮೇಲಿಂದ ಹೇಳಿದ.

"ಸುಮನ್, ಮುಂದ ಕುಂದ್ರು."

"ಇರಲಿ ಭಾವಜಿ. ಅದರ ಲಾಕ್ ಕೆಟ್ಟೈತಿ ಅಂದಿದ್ರಲ್ರಿ."

"ಲಾಕ್ ಏನೂ ಕೆಟ್ಟಿದ್ದಿಲ್ಲ. ಅಲ್ಲೆ ನಿಮ್ಮಕ್ಕನ ಉಗುರಿನ ಗೆರಿ ಇದ್ದು. ಯಾರರೆ ತಗದ್ರ ಅವು ಕೆಡ್ತಾವಂತ ಹಂಗ ಹೇಳ್ತಿದ್ದೆ." ಗಿರಾಕಿಗೆ ಕೆಲಸದ ವಿವರ ಹೇಳುವ ಹಾಗೆ, ಸಿಟ್ಟಿಲ್ಲದೆ ಹೇಳಿದ. "ಈಗ ಅಲ್ಲೇನೂ ಇಲ್ಲ. ತಗಿ."

ಮಾವಶಿ ಹಿಡಿಕೆಯನ್ನು ನೋಡಿದಳು. ಆಮೇಲೆ ಇಳಿಸಿದ ಗಾಜಿನೊಳಗಿಂದ ನನ್ನನ್ನು ನೋಡಿದಳು. ನನ್ನ ಕೈ ತೊಡೆಯ ಮೇಲಿತ್ತು, ತೋರುಬೆರಳಿನ ತುದಿ ಇನ್ನೂ ಕೆಂಪಗಿತ್ತು. ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಮಾವಶಿ ಬಾಗಿಲು ಜಗ್ಗಿ ತೆಗೆದಳು. ಅವಳ ಉಂಗುರ ಹಿಡಿಕೆಯ ಹಿಂದೆ ಕಿರ್ರೆಂದದ್ದು ನನಗೂ ಕೇಳಿಸಿತು, ಅಪ್ಪನಿಗೂ ಕೇಳಿಸಿತು. ಅವನು ಗಾಡಿ ಚಾಲೂ ಮಾಡಿದ. ಈ ವಿಷಯವನ್ನು ಅಪ್ಪ ಸಾಯುವವರೆಗೂ ಎತ್ತಲಿಲ್ಲ, ಎತ್ತುವ ಧೈರ್ಯ ನನಗೂ ಬರಲಿಲ್ಲ.

ಮರುದಿನ ಮುಂಜಾನೆ ಅಪ್ಪ ಮಶೀನು ಹಿಡಿದ. ತಾಯಿಯಿಲ್ಲದ ಹುಡುಗಿ ತಂದೆಯನ್ನು ಎಬ್ಬಿಸಿ ನಿಲ್ಲಿಸಿದಳು ಎಂದು ಆಟೋ ನಗರದವರೆಲ್ಲ ನನ್ನನ್ನು ಹೊಗಳಿದರು. ಅವನು ಅಷ್ಟು ದಿನ ಆ ಡಬ್ಬಿಯ ಮೇಲೆ ಕಾವಲು ಕೂತಿದ್ದ. ಕಾಯಲು ನಾನು ಏನನ್ನೂ ಉಳಿಸಿರಲಿಲ್ಲ.